ಸಾಯಿನೊ ಗೇಟಿನಿಂದ ಪ್ವೆಬ್ಲಿತೊ ಕಲ್ಲುಹಾದಿಯವರೆಗೆ

ಫೆಬ್ರವರಿ 1ರಿಂದ 15, ಜೂನ್ 1ರಿಂದ 15, ಅಕ್ಟೋಬರ್ 19ರಿಂದ ನವೆಂಬರ್ 2. ವರ್ಷದಲ್ಲಿ ಈ ಮೂರು ಪಕ್ಷ ಕೊಲಂಬಿಯಾದ ತೈರೋನಾ ರಾಷ್ಟ್ರೀಯ ಉದ್ಯಾನ ಪ್ರವಾಸಿಗರಿಗೆ ಬಾಗಿಲು ಮುಚ್ಚಿರುತ್ತದೆ. ಕಾಡು ಕಡಲು ಎರಡಕ್ಕೂ ಉಸಿರಾಡಲು ಬಿಡುವು ಬೇಕೆಂದು ಅಲ್ಲಿಯ ಮೂಲನಿವಾಸಿಗಳು ಕೇಳಿ ಪಡೆದ ರಜೆ ಇದು. ಆ ದಿನಗಳಲ್ಲಿ ಅವರು ತಮ್ಮ ಪೂಜೆ ಪುನಸ್ಕಾರ ಮುಗಿಸಿಕೊಳ್ಳುತ್ತಾರೆ. ವಿಮಾನದ ಟಿಕೆಟ್ ಅಗ್ಗವಾಗಿ ಸಿಕ್ಕಿತೆಂದು ಫೆಬ್ರವರಿ ಮೊದಲ ವಾರಕ್ಕೆ ಬುಕ್ ಮಾಡಿಕೊಂಡು ಗೇಟಿನ ಮುಂದೆ ನಿಲ್ಲುವವರು ಪ್ರತಿ ವರ್ಷ ಇದ್ದೇ ಇರುತ್ತಾರೆ. ಟಿಕೆಟ್ ತೆಗೆಸುವ ಮೊದಲು ಆ ವರ್ಷದ ದಿನಾಂಕಗಳನ್ನು ಉದ್ಯಾನದ ಅಧಿಕೃತ ಪ್ರಕಟಣೆಯಲ್ಲಿ ಒಮ್ಮೆ ನೋಡಿಕೊಳ್ಳಿ.

ಈ ಉದ್ಯಾನ ಆದದ್ದು 1964ರಲ್ಲಿ. ಸುಮಾರು 15,000 ಹೆಕ್ಟೇರ್. ಅದರಲ್ಲಿ 12,000 ನೆಲ, 3,000 ಕಡಲು. ಬೆನ್ನ ಹಿಂದೆ ಸಿಯೆರ್ರಾ ನೆವಾಡಾ ದೆ ಸಾಂತಾ ಮಾರ್ತಾ ಪರ್ವತ. ಕೆರಿಬಿಯನ್ ದಂಡೆಯಿಂದ ನಲವತ್ತು ಚಿಲ್ಲರೆ ಕಿಲೋಮೀಟರ್ ಒಳಗೆ ಹೋಗುವಷ್ಟರಲ್ಲಿ ಅದು 5,700 ಮೀಟರಿನಷ್ಟು ಏರಿ ಹಿಮ ಹೊದ್ದಿರುತ್ತದೆ. ಆ ಬೆಟ್ಟದ ಕಾಲು ಕಡಲಿಗೆ ಇಳಿಯುವ ಕಡೆ ಇರುವ ಕೊಲ್ಲಿಗಳು, ಮರಳು, ಉರುಟು ಬಂಡೆಗಳು, ಮತ್ತು ಕಾಡಿನೊಳಗೆ ಪ್ವೆಬ್ಲಿತೊ ಎಂಬ ಹಳೆಯ ಊರಿನ ಕಲ್ಲುಗಳು: ಇಷ್ಟೇ ತೈರೋನಾ. ಬಹಳ ಮಂದಿ ಬೀಚಿಗೆ ಬಂದು, ಸಮಯ ಉಳಿದರೆ ಕಲ್ಲು ನೋಡೋಣ ಎಂದುಕೊಳ್ಳುತ್ತಾರೆ. ಸಮಯ ಉಳಿಯುವುದಿಲ್ಲ. ಹಳೆಯ ಊರನ್ನು ನೋಡಲೇಬೇಕೆಂದಿದ್ದರೆ ಎರಡು ಹಗಲು, ಒಂದು ರಾತ್ರಿ ತೆಗೆದಿಡಿ, ಉಳಿದದ್ದನ್ನೆಲ್ಲ ಅದರ ಸುತ್ತ ಹೊಂದಿಸಿಕೊಳ್ಳಿ.

ಮೊದಲು ಕಾಗದಪತ್ರ. ಭಾರತದ ಪಾಸ್‌ಪೋರ್ಟಿಗೆ ಕೊಲಂಬಿಯಾ ವೀಸಾ ಕೇಳುತ್ತದೆ. ಅಮೆರಿಕ ಅಥವಾ ಷೆಂಗೆನ್ ವೀಸಾ ಕೈಯಲ್ಲಿದ್ದು, ಕೊಲಂಬಿಯಾಕ್ಕೆ ಕಾಲಿಡುವ ದಿನಕ್ಕೆ ಅದರ ಅವಧಿ ಇನ್ನೂ 180 ದಿನ ಉಳಿದಿದ್ದರೆ ಪ್ರತ್ಯೇಕ ವೀಸಾ ಬೇಡ ಎಂಬ ವಿನಾಯಿತಿ ಇದೆ. ಅಮೆರಿಕದಲ್ಲಿ ಕೆಲಸದಲ್ಲಿರುವ ಕನ್ನಡಿಗರಿಗೆ ಇದು ಅನುಕೂಲ. ಆದರೆ 180 ದಿನ ಎಂದರೆ 180 ದಿನವೇ. 170 ಉಳಿದಿದ್ದರೆ ವಿಮಾನ ಹತ್ತುವ ಕೌಂಟರಿನಲ್ಲೇ ತಡೆಯುತ್ತಾರೆ.

ಅದಕ್ಕಿಂತ ದೊಡ್ಡ ತಲೆನೋವು ಹಳದಿ ಜ್ವರದ ಲಸಿಕೆ. ಸೊಳ್ಳೆಯಿಂದ ಹರಡುವ ಈ ಜ್ವರ ಕೊಲಂಬಿಯಾದಲ್ಲಿ ಇದೆ, ತೈರೋನಾಕ್ಕೆ ಹೋಗುವವರಿಗೆ ಲಸಿಕೆಯ ಸಲಹೆಯೂ ಇದೆ. ಅಲ್ಲಿ ಯಾರೂ ಚೀಟಿ ಕೇಳದೆ ಇರಬಹುದು, ಇಲ್ಲಿ ಕೇಳುತ್ತಾರೆ. ಭಾರತ ಸರ್ಕಾರದ ಪಟ್ಟಿಯಲ್ಲಿ ಕೊಲಂಬಿಯಾ ಹಳದಿ ಜ್ವರದ ದೇಶ. ಅಲ್ಲಿಂದ ಹೊರಟ 6 ದಿನದೊಳಗೆ, ಲಸಿಕೆಯ ಹಳದಿ ಪುಸ್ತಕವಿಲ್ಲದೆ ಭಾರತದಲ್ಲಿ ಇಳಿದರೆ ವಿಮಾನ ನಿಲ್ದಾಣದಿಂದ ನೇರ ಕ್ವಾರಂಟೈನಿಗೆ ಕಳಿಸಬಹುದು, 6 ದಿನದವರೆಗೆ. ಲಸಿಕೆ ಹಾಕಿಸಿಕೊಂಡ 10 ದಿನದ ನಂತರವೇ ಆ ಪ್ರಮಾಣಪತ್ರಕ್ಕೆ ಬೆಲೆ. ಹೊರಡುವ ಹಿಂದಿನ ದಿನ ಚುಚ್ಚಿಸಿಕೊಂಡು ಒಂದು ವಾರದಲ್ಲಿ ವಾಪಸ್ ಬಂದವರ ಪುಸ್ತಕ ಪುಸ್ತಕವೇ ಅಲ್ಲ. ಸರ್ಕಾರ ಅಧಿಕೃತಗೊಳಿಸಿದ ಕೇಂದ್ರಗಳಲ್ಲಷ್ಟೇ ಈ ಲಸಿಕೆ ಕೊಡುತ್ತಾರೆ, ಹೇಳಿದ ದಿನವೇ ಸಿಗುವುದೂ ಇಲ್ಲ. ತಿಂಗಳ ಮುಂಚೆ ಶುರು ಮಾಡಿ. ಒಮ್ಮೆ ಹಾಕಿಸಿಕೊಂಡರೆ ಜೀವನಪೂರ್ತಿ ನಡೆಯುತ್ತದೆ.

ರಾಜಧಾನಿ ಬೊಗೋತಾದಿಂದ ಉದ್ಯಾನಕ್ಕೆ ಹತ್ತಿರದ ಊರಾದ ಸಾಂತಾ ಮಾರ್ತಾಕ್ಕೆ ವಿಮಾನದಲ್ಲಿ ಒಂದೂವರೆ ಗಂಟೆ. ಇಳಿದ ದಿನವೇ ಉದ್ಯಾನಕ್ಕೆ ಓಡಬೇಡಿ. ಊರಿನ ನಡುವೆ ಹಳೆಯ ಸುಂಕದ ಮನೆಯಲ್ಲಿ ತೈರೋನಾ ಚಿನ್ನದ ಮ್ಯೂಸಿಯಂ ಇದೆ, 1830ರ ಡಿಸೆಂಬರಿನಲ್ಲಿ ದಕ್ಷಿಣ ಅಮೆರಿಕದ ಸ್ವಾತಂತ್ರ್ಯ ಹೋರಾಟದ ನಾಯಕ ಸಿಮೋನ್ ಬೊಲಿವಾರ್ ತೀರಿಕೊಂಡಾಗ ಅವರ ದೇಹವನ್ನು ದರ್ಶನಕ್ಕಿಟ್ಟ ಕಟ್ಟಡವೇ ಅದು. ಪ್ರವೇಶ ಉಚಿತ, ಸೋಮವಾರ ರಜೆ. ಕಾಡಿನಲ್ಲಿ ಕಾಣಸಿಗುವುದು ಬರಿಯ ಅಡಿಪಾಯ. ಆ ಮನೆಗಳಲ್ಲಿದ್ದ ಜನ ಏನು ತೊಟ್ಟಿದ್ದರು, ಏನು ಊದುತ್ತಿದ್ದರು, ಯಾವ ಮಡಕೆಯಲ್ಲಿ ಏನಿಡುತ್ತಿದ್ದರು ಎಂಬುದೆಲ್ಲ ಇಲ್ಲಿದೆ. ಇದನ್ನು ಮೊದಲೇ ನೋಡಿದ್ದರೆ ಅಲ್ಲಿಯ ಖಾಲಿ ಕಲ್ಲುಚಕ್ರಗಳಲ್ಲಿ ಜನ ಕಾಣುತ್ತಾರೆ. ಮೂಗುಬೊಟ್ಟು, ಎದೆಪದಕ, ಬಾವಲಿಯ ಮುಖ ತೊಟ್ಟ ಸಣ್ಣ ಆಕೃತಿಗಳನ್ನು ನಿಧಾನವಾಗಿ ನೋಡಿ. ಹೆಚ್ಚಿನವು ಅಪ್ಪಟ ಚಿನ್ನವಲ್ಲ, ಚಿನ್ನ ತಾಮ್ರ ಬೆರೆಸಿದ ತುಂಬಾಗಾ. ಮೇಣದಲ್ಲಿ ಆಕೃತಿ ಮಾಡಿ, ಮಣ್ಣು ಮೆತ್ತಿ, ಮೇಣ ಕರಗಿಸಿ ಲೋಹ ಹೊಯ್ಯುವ ವಿಧಾನ ನಮ್ಮ ಪಂಚಲೋಹದ ವಿಗ್ರಹದವರಿಗೆ ಹೊಸದಲ್ಲ. ಆಮೇಲಿನ ಕೈಚಳಕ ಬೇರೆ: ಕಾಯಿಸಿ, ಹುಳಿ ರಸದಲ್ಲಿ ಅದ್ದಿ ಮೇಲ್ಮೈಯ ತಾಮ್ರವನ್ನಷ್ಟೇ ತೆಗೆದುಬಿಡುತ್ತಿದ್ದರು. ಉಳಿದ ಚಿನ್ನದ ಪದರ ಉಜ್ಜಿದರೆ ಹೊಳೆಯುತ್ತಿತ್ತು.

ಮರುದಿನ ಬೆಳಿಗ್ಗೆ ಬೇಗ ಹೊರಡಬೇಕು. ಮಾರುಕಟ್ಟೆಯ ಹತ್ತಿರ, ಕಾಲೆ 11 ಮತ್ತು ಕರೇರಾ 11 ರಸ್ತೆಗಳು ಸೇರುವ ಮೂಲೆಯಿಂದ ಬಸ್ಸು. ಹೆದ್ದಾರಿಯಲ್ಲಿ ಪೂರ್ವಕ್ಕೆ 34 ಕಿಲೋಮೀಟರ್, ಸುಮಾರು ಒಂದು ಗಂಟೆ. "ಎಲ್ ಸಾಯಿನೊ" ಎಂದರೆ ಗೇಟಿನ ಎದುರೇ ಇಳಿಸುತ್ತಾರೆ. ಗೇಟು 8ಕ್ಕೆ ತೆರೆಯುತ್ತದೆ. ಡಿಸೆಂಬರ್ ಕೊನೆ, ಜನವರಿ ಮೊದಲ ವಾರ, ಈಸ್ಟರ್ ವಾರಗಳಲ್ಲಿ ಅದಕ್ಕೂ ಮುಂಚೆ ಸಾಲು ಬೆಳೆದಿರುತ್ತದೆ. ದಿನಕ್ಕೆ ಇಷ್ಟೇ ಜನ ಎಂಬ ಮಿತಿಯಿರುವುದರಿಂದ ಹತ್ತೂವರೆಗೆ ಆರಾಮವಾಗಿ ಬಂದವರನ್ನು ವಾಪಸ್ ಕಳಿಸುವುದುಂಟು. ಒಳಗೆ ಬಿಟ್ಟರೂ ಆಮೇಲಿನ ನಡಿಗೆ ಸುಡುಬಿಸಿಲಿನಲ್ಲಿ.

ಗೇಟಿನಲ್ಲಿ ಮೂರು ಕೆಲಸ. ಪಾಸ್‌ಪೋರ್ಟ್ ತೋರಿಸಿ ಪ್ರವೇಶದ ಹಣ ಕಟ್ಟುವುದು (ವಿದೇಶಿಯರಿಗೆ ಹೆಚ್ಚು, ಜನಜಂಗುಳಿಯ ಕಾಲದಲ್ಲಿ ಇನ್ನೂ ಹೆಚ್ಚು), ಕಡ್ಡಾಯ ವಿಮೆ ತೆಗೆದುಕೊಳ್ಳುವುದು, ಚೀಲ ತಪಾಸಣೆ. ಮದ್ಯ, ಪ್ಲಾಸ್ಟಿಕ್ ಕೈಚೀಲ, ಸ್ಪೀಕರ್ ಅಲ್ಲೇ ತೆಗೆದಿಡಬೇಕಾಗುತ್ತದೆ. ಬಟ್ಟೆಯನ್ನು ಮಳೆಗೆಂದು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ತರುವ ನಮ್ಮ ಅಭ್ಯಾಸ ಇಲ್ಲಿ ನಡೆಯುವುದಿಲ್ಲ. ರಬ್ಬರು ಹಾಳೆಯ ಗಟ್ಟಿ ಜಲನಿರೋಧಕ ಚೀಲ ಒಂದಿರಲಿ. ಒಳಗೆ ಎಟಿಎಂ ಇಲ್ಲ. ವ್ಯಾನು, ಊಟ, ಮಲಗುವ ಜಾಗ, ದಾರಿಯ ಎಳನೀರು ಎಲ್ಲಕ್ಕೂ ನಗದು ಪೆಸೊ ಬೇಕು. ಸಣ್ಣ ನೋಟುಗಳಲ್ಲಿ, ಲೆಕ್ಕಕ್ಕಿಂತ ಒಂದೂವರೆ ಪಟ್ಟು ತನ್ನಿ. ಪ್ವೆಬ್ಲಿತೊ ದಾರಿ ತೆರೆದಿದೆಯೇ ಎಂದು ಕೇಳಬೇಕಾದದ್ದೂ ಇಲ್ಲಿಯೇ. ಅದು ಮೂಲನಿವಾಸಿಗಳ ಪವಿತ್ರ ಸ್ಥಳ, ಅವರ ಕೋರಿಕೆಯಂತೆ ಮುಚ್ಚಿರುವ ಕಾಲಗಳೂ ಇವೆ. ಮುಚ್ಚಿದೆ ಎಂದರೆ ಮುಚ್ಚಿದೆ. ಹಿಂಬದಿಯಿಂದ ಕರೆದೊಯ್ಯುತ್ತೇನೆ ಎನ್ನುವವರ ಮಾತಿಗೆ ಹೋಗಬೇಡಿ.

ಗೇಟಿನಿಂದ ಕಾನ್ಯವೆರಾಲ್‌ವರೆಗೆ 4 ಕಿಲೋಮೀಟರ್ ಡಾಂಬರು. ನೋಡಲು ಏನೂ ಇಲ್ಲ; ವ್ಯಾನಿನಲ್ಲಿ ಹೋಗಿ, ಕಾಲು ಉಳಿಸಿಕೊಳ್ಳಿ. ಅಲ್ಲಿಂದ ಮುಂದೆ ವಾಹನವಿಲ್ಲ. ಅರ್ರೆಸಿಫೆಸ್ ದಂಡೆಗೆ ಮುಕ್ಕಾಲರಿಂದ ಒಂದು ಗಂಟೆ, ಅಲ್ಲಿಂದ ಲಾ ಪಿಸಿನಾಕ್ಕೆ ಇಪ್ಪತ್ತು ನಿಮಿಷ, ಕಾಬೊ ಸಾನ್ ಹ್ವಾನ್‌ಗೆ ಮತ್ತೆ ಅಷ್ಟೇ ಅಥವಾ ಸ್ವಲ್ಪ ಹೆಚ್ಚು. ಒಟ್ಟು ಎರಡು ಗಂಟೆ ಎಂದು ಎಲ್ಲರೂ ಹೇಳುತ್ತಾರೆ. ಹೆಗಲಲ್ಲಿ ಭಾರ, ಮೈಯಲ್ಲಿ ಬೆವರು, ಜೊತೆಗೆ ಫೋಟೊ ಸೇರಿಸಿದರೆ ಎರಡೂವರೆ. ಕುದುರೆ ಸಿಗುತ್ತದೆ, ಅದರ ದಾರಿ ಬೇರೆ. ಮಳೆಗಾಲದಲ್ಲಿ ಕುದುರೆ ದಾರಿ ಎಮ್ಮೆ ಹೊಂಡದಂತಾಗಿರುತ್ತದೆ, ತಪ್ಪಿ ಅದಕ್ಕೆ ಇಳಿದವರ ಚಪ್ಪಲಿ ಅಲ್ಲೇ ಉಳಿಯುತ್ತದೆ. ನಡೆಯುವವರ ದಾರಿಗೆ ಮರದ ಮೆಟ್ಟಿಲು, ಹಲಗೆ ಸೇತುವೆಗಳಿವೆ. ಮಳೆ ಬಂದಾಗ ಹಲಗೆಯೂ ಜಾರುತ್ತದೆ. ಹಿಂಬದಿ ಪಟ್ಟಿಯಿರುವ ಸ್ಯಾಂಡಲ್ ಅಥವಾ ಹಿಡಿತವುಳ್ಳ ಶೂ ಬೇಕೇ ಬೇಕು. ತಲಾ ಎರಡು ಲೀಟರ್ ನೀರು.

ಈ ದಾರಿಯ ಬಂಡೆಗಳನ್ನು ಕಂಡ ಕೂಡಲೇ ಕನ್ನಡಿಗರ ಬಾಯಲ್ಲಿ ಬರುವ ಹೆಸರು ಹಂಪಿ. ಮನೆಯಷ್ಟು ದೊಡ್ಡ ಉರುಟು ಕಲ್ಲು, ಒಂದರ ಮೇಲೊಂದು. ಅಗ್ನಿಶಿಲೆ ಬಿರುಕು ಬಿಟ್ಟ ಕಡೆ ನೀರಿಳಿದು, ಮೂಲೆಗಳು ಮೊದಲು ಸವೆದು ಗುಂಡಗಾಗುವ ಕ್ರಮ ಎರಡೂ ಕಡೆ ಒಂದೇ. ಅಲ್ಲಿ ಸುತ್ತ ಕುರುಚಲು, ಇಲ್ಲಿ ಮಳೆಕಾಡು. ಮೇಲೆ ಕೂಗುಕೋತಿಗಳು, ಕೆಳಗೆ ಎಲೆಯ ತುಂಡು ಹೊತ್ತು ಸಾಲಾಗಿ ಹೋಗುವ ಇರುವೆಗಳು. ಆ ಸಾಲನ್ನು ದಾಟಿ ಹೆಜ್ಜೆಯಿಡಿ. ಅಂದಹಾಗೆ, ಇದೇ ಉದ್ಯಾನದ ಪಶ್ಚಿಮದ ಕೊಲ್ಲಿಗಳಾದ ಬಾಹಿಯಾ ಕೊಂಚಾ, ನೆಗ್ವಾಂಹೆ ಕಡೆ ಹೋದರೆ ಕಳ್ಳಿಗಿಡ, ಒಣಕಾಡು. ಅವುಗಳಿಗೆ ಗೇಟೂ ಬೇರೆ, ದಾರಿಯೂ ಬೇರೆ. ಸಾಯಿನೊದಿಂದ ಒಳಗೆ ಬಂದು ಅಲ್ಲಿಗೆ ನಡೆದುಹೋಗುವ ಯೋಜನೆ ಹಾಕಿಕೊಳ್ಳಬೇಡಿ.

ಅರ್ರೆಸಿಫೆಸ್ ನೋಡಲು ಎಲ್ಲಕ್ಕಿಂತ ಚೆಂದದ ದಂಡೆ. ಕೊಲ್ಲುವುದೂ ಅದೇ. ಇಲ್ಲಿ ನೂರಕ್ಕೂ ಹೆಚ್ಚು ಜನ ಮುಳುಗಿದ್ದಾರೆ, ನೀವು ಆ ಲೆಕ್ಕಕ್ಕೆ ಸೇರಬೇಡಿ ಎಂದು ಫಲಕವೇ ಹೇಳುತ್ತದೆ. ತೆರೆದ ಕಡಲಿನ ಅಲೆ ತಡೆಯಿಲ್ಲದೆ ಬಂದು ಅಪ್ಪಳಿಸುತ್ತದೆ, ಹಾಗೆ ಬಂದ ನೀರು ಹಿಂತಿರುಗುವಾಗ ಒಂದೇ ಕಡೆ ಸೇರಿ ಕಾಲುವೆಯಂತೆ ಒಳಕ್ಕೆ ಹರಿಯುತ್ತದೆ. ಅಲೆಗಳ ನಡುವೆ ಶಾಂತವಾಗಿ ಕಾಣುವ ಪಟ್ಟಿಯೇ ಆ ಸೆಳೆತ. ಹೊಸಬರು ಇಳಿಯಲು ಆರಿಸುವುದೂ ಅದನ್ನೇ. ಗೋಕರ್ಣದಲ್ಲೂ ಮುರುಡೇಶ್ವರದಲ್ಲೂ ಹೀಗೆಯೇ ಪ್ರಾಣ ಹೋಗುವುದು. ಎಲ್ಲಾದರೂ ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬೇಡಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದು ಆಮೇಲೆ ದಡಕ್ಕೆ ತಿರುಗಿ. ಅರ್ರೆಸಿಫೆಸ್‌ನಲ್ಲಿ ಮಾತ್ರ ಮೊಣಕಾಲು ನೀರಿಗೂ ಇಳಿಯದಿರುವುದೇ ಸರಿ. ದಂಡೆಯ ಹಿಂದಿನ ಹಿನ್ನೀರಿನಲ್ಲಿ ಕೇಮನ್ ಮೊಸಳೆಗಳಿವೆ, ಅತ್ತಲೂ ಬೇಡ.

ಈಜಲು ಲಾ ಪಿಸಿನಾ. ಹೆಸರಿನ ಅರ್ಥವೇ ಈಜುಕೊಳ. ಮುಂದಿರುವ ಕಲ್ಲುಸಾಲು ಅಲೆಯನ್ನು ಮುರಿಯುತ್ತದೆ. ಕಾಬೊ ಸಾನ್ ಹ್ವಾನ್‌ನ ಎರಡು ಕೊಲ್ಲಿಗಳಲ್ಲೂ ಈಜಬಹುದು, ಬಾವುಟದ ಬಣ್ಣ ನೋಡಿಕೊಂಡು. ಡಿಸೆಂಬರಿನಿಂದ ಮಾರ್ಚ್‌ವರೆಗೆ ಈಶಾನ್ಯದ ವಾಣಿಜ್ಯ ಮಾರುತ ಜೋರು: ಆಕಾಶ ತಿಳಿ, ಕಡಲು ಒರಟು. ಸಾಂತಾ ಮಾರ್ತಾ ಪಕ್ಕದ ತಗಾಂಗದಿಂದ ಕಾಬೊಗೆ ಒಂದು ಗಂಟೆಯ ದೋಣಿ ಇದೆಯೆಂದು ನಡಿಗೆ ತಪ್ಪಿಸಲು ನೋಡುವವರು ಈ ತಿಂಗಳುಗಳಲ್ಲಿ ಮೈಯೆಲ್ಲ ಒದ್ದೆಯಾಗಿ, ಹೊಟ್ಟೆಯಲ್ಲಿದ್ದದ್ದನ್ನು ಕಳೆದುಕೊಂಡು ಇಳಿಯುತ್ತಾರೆ. ದೋಣಿಯೇ ಬೇಕೆಂದರೆ ಬೆಳಗಿನದು ಹಿಡಿಯಿರಿ, ಮಧ್ಯಾಹ್ನ ಗಾಳಿ ಏರುತ್ತದೆ. ಹಿಂಬದಿಯ ಸೀಟು ಮುಂಬದಿಗಿಂತ ಕಡಿಮೆ ಕುಲುಕುತ್ತದೆ.

ರಾತ್ರಿಗೆ ಕಾಬೊದಲ್ಲಿ ಡೇರೆ ಅಥವಾ ತೂಗುಮಂಚ. ಎರಡು ಕೊಲ್ಲಿಗಳ ನಡುವಿನ ಬಂಡೆಯ ಮೇಲೆ ಒಂದು ಗುಡಿಸಲಿದೆ, ಅಲ್ಲಿಯ ತೂಗುಮಂಚಕ್ಕೆ ಎಲ್ಲರೂ ಮುಗಿಬೀಳುತ್ತಾರೆ. ನೋಟಕ್ಕೆ ಸಾಟಿಯಿಲ್ಲ, ನಡುರಾತ್ರಿಯ ಗಾಳಿಗೆ ಹಲ್ಲು ಕಟಕಟ ಎನ್ನುತ್ತದೆ. ಒಂದು ತೆಳು ಹೊದಿಕೆ, ಪೂರ್ಣ ತೋಳಿನ ಅಂಗಿ ಇರಲಿ. ತೂಗುಮಂಚದಲ್ಲಿ ಉದ್ದಕ್ಕೆ ಮಲಗಿದರೆ ಬೆಳಿಗ್ಗೆ ಬೆನ್ನು ಬಿಲ್ಲು. ಓರೆಯಾಗಿ, ಮೂಲೆಯಿಂದ ಮೂಲೆಗೆ ಮಲಗಿದರೆ ಬಟ್ಟೆ ಚಪ್ಪಟೆಯಾಗಿ ಬೆನ್ನು ನೇರ ನಿಲ್ಲುತ್ತದೆ. ಊಟಕ್ಕೆ ಮೀನು, ತೆಂಗಿನಹಾಲಿನ ಅನ್ನ, ಜಜ್ಜಿ ಕರಿದ ಬಾಳೆಕಾಯಿ. ಸಸ್ಯಾಹಾರಿಗಳು "ಸಿನ್ ಕಾರ್ನೆ" (ಮಾಂಸವಿಲ್ಲದೆ) ಎಂದರೆ ಸಾಲದು, ಅಲ್ಲಿಯವರ "ಕಾರ್ನೆ"ಯಲ್ಲಿ ಕೋಳಿ ಮೀನು ಸೇರದೆಯೂ ಇರಬಹುದು. "ಸಿನ್ ಕಾರ್ನೆ, ಸಿನ್ ಪೋಯೊ, ಸಿನ್ ಪೆಸ್ಕಾದೊ" ಎಂದು ಮೂರನ್ನೂ ಹೇಳಿ. ಅನ್ನ, ಹುರುಳಿಕಾಯಿ ಜಾತಿಯ ಕಾಳು, ಬಾಳೆಕಾಯಿ ಬರುತ್ತದೆ. ಒಂದು ಉಪ್ಪಿನಕಾಯಿ ಪೊಟ್ಟಣ ಚೀಲದಲ್ಲಿದ್ದರೆ ಆ ಅನ್ನಕ್ಕೆ ಜೀವ.

ಮರುದಿನ ಆರೂವರೆಗೆಲ್ಲ ಪ್ವೆಬ್ಲಿತೊ ಏರಲು ಶುರು ಮಾಡಿ. ಕಾಬೊದಿಂದ ಎರಡು ಗಂಟೆಯ ಹತ್ತಾಟ, ಅದರಲ್ಲಿ ಬಹುಭಾಗ ಬಂಡೆಯಿಂದ ಬಂಡೆಗೆ. ಕೆಲವು ಕಡೆ ಕೈ ಊರಿ ಏರಬೇಕು. ಕಲ್ಲಿನ ಮೇಲೆ ಪಾಚಿ, ನಡುವೆ ಸಂದು. ಇಲ್ಲಿ ಆಗುವ ಪೆಟ್ಟುಗಳಲ್ಲಿ ಹೆಚ್ಚಿನವು ಇಳಿಯುವಾಗ ಆಗುವಂಥವು. ಆದ್ದರಿಂದ ಕಾಬೊದಿಂದ ಏರಿ, ಇನ್ನೊಂದು ಬದಿಯಲ್ಲಿ ಹೆದ್ದಾರಿಗೆ ಸೇರುವ ಕಾಲಬಾಸೊ ಕಡೆ ಇಳಿಯುವ ಕ್ರಮವೇ ಮೇಲು. ಆ ಬದಿ ಮಣ್ಣುದಾರಿ, ಇಳಿಜಾರು ಸೌಮ್ಯ. ಮೊಣಕಾಲು ನೋವಿನವರು, ಸಣ್ಣ ಮಕ್ಕಳಿರುವವರು ಈ ಏರು ಬಿಟ್ಟುಬಿಡಬೇಕು. ರಾತ್ರಿ ಮಳೆಯಾಗಿದ್ದರೆ ಯಾರೂ ಹತ್ತದಿರುವುದು ಒಳ್ಳೆಯದು.

ಏರುತ್ತ ಏರುತ್ತ ಕಾಲಡಿಯ ಕಲ್ಲು ತಾನಾಗಿ ಬಿದ್ದದ್ದಲ್ಲ, ಜೋಡಿಸಿದ್ದು ಎಂದು ಅರಿವಾಗುವ ಜಾಗ ಬರುತ್ತದೆ. ಚಪ್ಪಡಿ ಮೆಟ್ಟಿಲು, ತೊರೆಗೆ ಅಡ್ಡ ಹಾಸಿದ ಸೇತುವೆಗಲ್ಲು, ಆಮೇಲೆ ದಿಬ್ಬದ ಮೇಲೆ ವೃತ್ತಾಕಾರದ ಜಗಲಿಗಳು. ಪ್ವೆಬ್ಲಿತೊ ಎಂದರೆ ಸ್ಪ್ಯಾನಿಷಿನಲ್ಲಿ ಪುಟ್ಟ ಊರು, ಮೂಲನಿವಾಸಿಗಳ ಹೆಸರು ಚೈರಾಮಾ. ಗೋಪುರ, ಮಂಟಪ ನಿರೀಕ್ಷಿಸಿದವರು "ಇಷ್ಟೇನಾ" ಎಂದು ಹತ್ತೇ ನಿಮಿಷದಲ್ಲಿ ಹೊರಟುಬಿಡುತ್ತಾರೆ. ಮರ, ಹುಲ್ಲಿನ ಮನೆಗಳು ಮಣ್ಣಾಗಿ ಹೋಗಿವೆ. ಉಳಿದದ್ದು ಮನೆ ನಿಂತಿದ್ದ ಕಲ್ಲುಚಕ್ರ, ಅದನ್ನು ಹೊತ್ತ ಒಡ್ಡುಗೋಡೆ, ನೀರಿನ ಕಾಲುವೆ. ನೋಡಬೇಕಾದದ್ದು ಆ ನೀರಿನ ಲೆಕ್ಕವನ್ನೇ. ಇಂಥ ಮಳೆಯ ನಾಡಿನಲ್ಲಿ, ಇಂಥ ಇಳಿಜಾರಿನಲ್ಲಿ ಮಣ್ಣು ನಿಲ್ಲಬೇಕಾದರೆ ಪ್ರತಿ ಜಗಲಿಯ ನೀರಿಗೂ ಹೋಗಲು ದಾರಿ ಬೇಕು. ಗಾರೆಯಿಲ್ಲದ ಗೋಡೆ ನೀರನ್ನು ಸಂದಿಯಿಂದ ಬಿಡುತ್ತದೆ, ಹಾಸುಗಲ್ಲು ಮಣ್ಣು ಕೊಚ್ಚದಂತೆ ಹಿಡಿಯುತ್ತದೆ, ಕಾಲುವೆ ಎಲ್ಲವನ್ನೂ ತೊರೆಗೆ ಒಯ್ಯುತ್ತದೆ. ಮಳೆ ಸುರಿಯುವಾಗ ಅಲ್ಲಿ ನಿಂತರೆ ನೀರು ಇಂದಿಗೂ ಹೀಗೆಯೇ ಹರಿಯುವುದನ್ನು ಕಾಣಬಹುದು. ಮಲೆನಾಡಿನ ತೋಟದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಕಡಲಿನ ಉಪ್ಪು, ಮೀನು ಮೇಲಕ್ಕೆ. ಬೆಟ್ಟದ ಹತ್ತಿಬಟ್ಟೆ, ಚಿನ್ನ ಕೆಳಕ್ಕೆ. ಈ ಕಲ್ಲುಹಾದಿಗಳು ಇದ್ದದ್ದು ಆ ಸಾಗಾಟಕ್ಕೆ.

ಸ್ಪೇನಿನ ರೊದ್ರಿಗೊ ದೆ ಬಾಸ್ತಿದಾಸ್ 1525ರಲ್ಲಿ ಸಾಂತಾ ಮಾರ್ತಾ ಊರು ಕಟ್ಟಿದ. ಈ ಕಲ್ಲಿನ ಊರುಗಳನ್ನು ಕಟ್ಟಿದ ತೈರೋನಾ ಜನ ಮುಕ್ಕಾಲು ಶತಮಾನ ಬಗ್ಗಲಿಲ್ಲ. 1599ರ ದಂಗೆಯನ್ನು ಸ್ಪೇನಿನವರು ಕ್ರೂರವಾಗಿ ಹೊಸಕಿದ ಮೇಲೆ ಉಳಿದವರು ಬೆಟ್ಟದ ಮೇಲಕ್ಕೆ ಸರಿದರು, ಊರುಗಳನ್ನು ಕಾಡು ನುಂಗಿತು. 1922–23ರಲ್ಲಿ ಷಿಕಾಗೊದ ಫೀಲ್ಡ್ ಮ್ಯೂಸಿಯಂ ಪರವಾಗಿ ಜೆ. ಆಲ್ಡೆನ್ ಮೇಸನ್ ಇಲ್ಲಿಯೂ ನೆಗ್ವಾಂಹೆಯಲ್ಲೂ ಅಗೆದರು. ಅವರಿಗಿಂತ ಮೊದಲೂ ಆಮೇಲೂ ಅಗೆದವರು ಗೋರಿಗಳ್ಳರು. ಅಲ್ಲಿ ಅವರಿಗೆ ಗ್ವಾಕೇರೊ ಎನ್ನುತ್ತಾರೆ. ಬೆಟ್ಟದ ಮೇಲಿನ ದೊಡ್ಡ ಊರು ತೆಯುನಾ 1970ರ ದಶಕದಲ್ಲಿ ಮೊದಲು ಸಿಕ್ಕಿದ್ದೂ ಇವರಿಗೇ. (ಅದು ನಾಲ್ಕು ದಿನದ ಬೇರೆಯೇ ಚಾರಣ, ಈ ಉದ್ಯಾನದೊಳಗಿಲ್ಲ; ಇದರ ಜೊತೆ ಗೊಂದಲ ಮಾಡಿಕೊಳ್ಳಬೇಡಿ.) ದಾರಿಯಲ್ಲಿ ಮಡಕೆಯ ಚೂರು ಕಂಡರೆ ಮುಟ್ಟದೆ ಮುಂದೆ ಹೋಗಿ. ಚೀಲಕ್ಕೆ ಹಾಕಿಕೊಂಡರೆ ಅಪರಾಧ.

ಬಿಳಿ ಹತ್ತಿ ಬಟ್ಟೆ ತೊಟ್ಟ ಕೋಗಿ ಜನ ಈ ದಾರಿಯಲ್ಲಿ ಎದುರಾಗುತ್ತಾರೆ. ಕೋಗಿ, ಅರ್ವಾಕೊ, ವಿವಾ, ಕಾಂಕ್ವಾಮೊ ಎಂಬ ನಾಲ್ಕು ಸಮುದಾಯಗಳಿಗೆ ಈ ಇಡೀ ಪರ್ವತ ಒಂದು ದೇಹ. ಅದರ ಸುತ್ತಲಿನ ಪವಿತ್ರ ಸ್ಥಳಗಳನ್ನು ಜೋಡಿಸುವ "ಕಪ್ಪು ಗೆರೆ" ಕಡಲದಂಡೆಯನ್ನೂ ಹಾದುಹೋಗುತ್ತದೆ. ಅವರ ಈ ಜ್ಞಾನಪರಂಪರೆಯನ್ನು ಯುನೆಸ್ಕೊ 2022ರಲ್ಲಿ ತನ್ನ ಪಟ್ಟಿಗೆ ಸೇರಿಸಿತು. ಕೇಳದೆ ಫೋಟೊ ತೆಗೆಯಬೇಡಿ, ಮಕ್ಕಳದ್ದಂತೂ ಬೇಡವೇ ಬೇಡ. ಗಂಡಸರ ಕೈಯಲ್ಲಿ ಸೋರೆಬುರುಡೆಯ ಪೊಪೊರೊ ಇರುತ್ತದೆ, ಒಳಗೆ ಕಡಲ ಚಿಪ್ಪು ಸುಟ್ಟು ಮಾಡಿದ ಸುಣ್ಣ. ಕಡ್ಡಿಯಿಂದ ಸುಣ್ಣ ತೆಗೆದು ಬಾಯಲ್ಲಿರುವ ಕೋಕಾ ಎಲೆಗೆ ಸೇರಿಸುತ್ತಾರೆ. ಎಲೆ, ಸುಣ್ಣ, ಸೊಂಟದ ಚೀಲ: ಸುಣ್ಣದ ಕಾಯಿ ಇಟ್ಟುಕೊಳ್ಳುತ್ತಿದ್ದ ನಮ್ಮ ಅಜ್ಜಂದಿರ ನೆನಪಾಗದೆ ಇರದು. ಆದರೆ ಎಲೆ ಬೇರೆ. ಸಾಂತಾ ಮಾರ್ತಾದಲ್ಲಿ ರಾಜಾರೋಷವಾಗಿ ಮಾರುವ ಕೋಕಾ ಚಹಾ ಪೊಟ್ಟಣ ಭಾರತದಲ್ಲಿ 1985ರ ಮಾದಕವಸ್ತು ಕಾಯ್ದೆಯಡಿ ನಿಷಿದ್ಧ. ನೆನಪಿನ ಕಾಣಿಕೆಯೆಂದು ಸೂಟ್‌ಕೇಸಿಗೆ ಹಾಕಿಕೊಳ್ಳಬೇಡಿ.

ಪ್ವೆಬ್ಲಿತೊದಲ್ಲಿ ಒಂದು ಗಂಟೆ ಕಳೆದರೂ ಹತ್ತಕ್ಕೆ ಹೊರಟರೆ ಹನ್ನೆರಡೂವರೆಗೆ ಕಾಲಬಾಸೊ. ನಡುವೆ ಅಂಗಡಿ ಇದ್ದೇ ಇರುತ್ತದೆಂದು ನಂಬಿ ನೀರು ಖಾಲಿ ಮಾಡಿಕೊಳ್ಳಬೇಡಿ. ಮಧ್ಯಾಹ್ನ ಎರಡರ ಮೇಲೆ ಮೇಲಿನಿಂದ ಹೊರಟವರಿಗೆ ಕಾಡಿನಲ್ಲಿ ಕತ್ತಲೆ ಬೇಗ. ಸಮಭಾಜಕಕ್ಕೆ ಹತ್ತಿರದ ಈ ನಾಡಿನಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯ ಮುಳುಗಿದರೆ ಅರ್ಧ ಗಂಟೆಯೊಳಗೆ ಗವ್ವೆನ್ನುತ್ತದೆ.

ಕಾಲಬಾಸೊದಲ್ಲಿ ಹೆದ್ದಾರಿಗೆ ಬಂದ ಮೇಲೆ ರಸ್ತೆ ದಾಟಬೇಡಿ. ಎಡಬದಿ ಓಡಾಟದ ಅಭ್ಯಾಸದಿಂದ ನಮ್ಮವರು ಎದುರು ಬದಿಗೆ ಹೋಗಿ ನಿಲ್ಲುತ್ತಾರೆ, ಅಲ್ಲಿ ಬರುವುದು ರಿಯೊಹಾಚಾ ಕಡೆಯ ಬಸ್ಸು. ಕೊಲಂಬಿಯಾದಲ್ಲಿ ವಾಹನ ಬಲಬದಿಯಲ್ಲಿ ಓಡುತ್ತದೆ. ಸಾಂತಾ ಮಾರ್ತಾ ಬಸ್ಸು ಉದ್ಯಾನದ ಬದಿಯಲ್ಲೇ, ಇಳಿದು ಬಂದ ಕಡೆಯೇ ನಿಲ್ಲುತ್ತದೆ. ಕೈ ಅಡ್ಡ ಹಿಡಿದರೆ ಸಾಕು.